ಊರಿನ ಅರ್ಜಿಯಿಂದ ದೆಹಲಿಯ ಅರ್ಜಿಯವರೆಗೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನವರಿಗೆ ಅರ್ಜಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದು ಹತ್ತು ವರ್ಷ ದಾಟಿತು. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು ನಮ್ಮ ಮನೆ ಜಗಲಿಗೆ ಜನ ಬರುತ್ತಾರೆ. ರಸ್ತೆ, ಕರೆಂಟು, ಕಾಡಾನೆ, ಬಸ್ಸು, ಪೈಸಾರಿ (ಸರ್ಕಾರಿ) ಜಾಗದ ಹಕ್ಕುಪತ್ರ. ತೊಂದರೆ ಬೇರೆ ಬೇರೆ, ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಓದಿ, ನಿಮ್ಮ ಊರಿನವರಿಗೂ ಓದಿ ಹೇಳಿ.

ಅರ್ಜಿ ಕೊಟ್ಟರೆ ನಿಜವಾಗಿ ಏನಾದರೂ ಆಗುತ್ತಾ?

ಆಗುತ್ತದೆ. ಆದರೆ ಕೊಟ್ಟು ಬಂದು ಸುಮ್ಮನೆ ಕೂತರೆ ಆಗುವುದಿಲ್ಲ. ನಮ್ಮ ಊರಿನದ್ದೇ ಹೇಳುತ್ತೇನೆ.

ನಮ್ಮಲ್ಲಿ ತೋಡಿನ ಆಚೆ ಹನ್ನೊಂದು ಮನೆಗಳಿವೆ. ಅಲ್ಲಿನ ಮಕ್ಕಳು ಶಾಲೆಗೆ ಬರಬೇಕಾದರೆ ತೋಡು ದಾಟಲೇಬೇಕು. ದಾಟಲು ಇದ್ದದ್ದು ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಜೂನ್ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಜಾರುತ್ತಿತ್ತು. ಜುಲೈನಲ್ಲಿ ನೀರು ಅದರ ಮೇಲೆಯೇ ಹರಿಯುತ್ತಿತ್ತು. ಆಗ ಮಕ್ಕಳು ವಾರಗಟ್ಟಲೆ ಮನೆಯಲ್ಲೇ.

ಮೊದಲ ಸಲ ನಾವು ಬರೆದದ್ದು ಹದಿನಾಲ್ಕು ಬೇಡಿಕೆಗಳ ಅರ್ಜಿ. ಸಂಕ, ರಸ್ತೆ, ಅಂಗನವಾಡಿ ಹೆಂಚು, ಮೊಬೈಲ್ ಟವರ್, ಆನೆ ಕಂದಕ, ಸ್ಮಶಾನ, ಎಲ್ಲ ಅದರಲ್ಲೇ. ದೊಡ್ಡವರೊಬ್ಬರು ಕಾರ್ಯಕ್ರಮಕ್ಕೆ ಬಂದಾಗ ಹತ್ತು ಜನ ಸಾಲಾಗಿ ನಿಂತು ಕೊಟ್ಟೆವು. ಮಾರನೇ ದಿನ ಪೇಪರ್‌ನಲ್ಲಿ ಫೋಟೊ ಬಂತು. ಕತ್ತರಿಸಿ ಇಟ್ಟುಕೊಂಡೆವು. ಒಂದೂವರೆ ವರ್ಷ ಕಳೆದ ಮೇಲೆ ಕಚೇರಿಗೆ ಹೋಗಿ ವಿಚಾರಿಸಿದರೆ, ಅಂಥ ಕಾಗದ ಬಂದೇ ಇಲ್ಲ ಎಂದರು. ನಮ್ಮ ಹತ್ತಿರ ಪ್ರತಿ ಇಲ್ಲ, ಸೀಲ್ ಇಲ್ಲ, ನಂಬರ್ ಇಲ್ಲ. ಇದ್ದದ್ದು ಫೋಟೊ ಒಂದೇ.

ಎರಡನೇ ಸಲ ಒಂದೇ ಬೇಡಿಕೆ ಬರೆದೆವು: ಕಾಲುಸಂಕ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಹುರಿಹಗ್ಗ ಹಿಡಿದು ತೋಡಿನ ಅಗಲ ಅಳೆದೆವು. ಬೇಸಿಗೆಯಲ್ಲಿ 12 ಅಡಿ ಇದ್ದದ್ದು ಆವತ್ತು 29 ಅಡಿ. ಫೆಬ್ರವರಿಯಲ್ಲಿ ತೆಗೆದ ಫೋಟೊ ಒಂದು, ಜುಲೈನದ್ದು ಒಂದು. ಎರಡರಲ್ಲೂ ದಡದ ಹಲಸಿನ ಮರ ಕಾಣುವ ಹಾಗೆ ತೆಗೆದೆವು. ಇಲ್ಲದಿದ್ದರೆ ಇದು ಅದೇ ಜಾಗ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಯಾವ ಮಗು ಯಾವ ತರಗತಿ, ಜುಲೈನಲ್ಲಿ ಎಷ್ಟು ದಿನ ಶಾಲೆ ತಪ್ಪಿತು ಎಂದು ಹಾಜರಿ ನೋಡಿ ಬರೆದೆವು. ಮೂರನೇ ವರ್ಷ ಕಾಂಕ್ರೀಟ್ ಸಂಕ ಬಂತು.

ಊರು ಅದೇ, ತೋಡು ಅದೇ. ಬದಲಾದದ್ದು ನಾವು ಕೇಳಿದ ರೀತಿ.

ಕೊಡಗಿನಂಥ ಸಣ್ಣ ಜಿಲ್ಲೆಯ ಮಾತನ್ನು ಯಾರು ಕೇಳುತ್ತಾರೆ?

ಈ ಬೇಸರ ನನಗೆ ಅರ್ಥವಾಗುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ಕೊಡಗು ಒಂದು ರಾಜ್ಯವೇ ಆಗಿತ್ತು. 24 ಸದಸ್ಯರ ವಿಧಾನಸಭೆ ಇತ್ತು, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. ಇವತ್ತು 224 ಶಾಸಕರಲ್ಲಿ ನಮ್ಮವರು ಇಬ್ಬರು, ಮಡಿಕೇರಿಗೆ ಒಬ್ಬರು, ವಿರಾಜಪೇಟೆಗೆ ಒಬ್ಬರು. ಸಂಸದರನ್ನು ಮೈಸೂರಿನ ಜೊತೆ ಹಂಚಿಕೊಂಡಿದ್ದೇವೆ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಗೆ 5,54,519 ಜನ.

ಮತಗಳ ಲೆಕ್ಕದಲ್ಲಿ ನಾವು ಚಿಕ್ಕವರು, ನಿಜ. ಅದಕ್ಕೇ ಕಾಗದದ ಲೆಕ್ಕ ನಮಗೆ ಜಾಸ್ತಿ ಮುಖ್ಯ. ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳಾದದ್ದು ಹೇಗೆ? ವರ್ಷಗಟ್ಟಲೆ ಮನವಿ ಕೊಟ್ಟರು, ಧರಣಿ ಕೂತರು, ಸರ್ಕಾರ ಬದಲಾದಾಗಲೆಲ್ಲ ಮತ್ತೆ ಕೊಟ್ಟರು. ಮೂರು ತಾಲ್ಲೂಕಿನ ಜಿಲ್ಲೆ ಇವತ್ತು ಐದು ತಾಲ್ಲೂಕಿನದ್ದು.

ಯಾರಿಗೆ ಬರೆಯಬೇಕು? ಎಲ್ಲದಕ್ಕೂ ಡಿಸಿಗೇ ಕೊಟ್ಟರೆ ಆಗಲ್ವಾ?

ಕೊಡಬಹುದು. ಆದರೆ ಅವರು ಅದನ್ನು "ಸೂಕ್ತ ಕ್ರಮಕ್ಕಾಗಿ" ಎಂದು ಕೆಳಗೆ ಕಳಿಸುತ್ತಾರೆ. ಕಾಗದ ಒಂದು ಸುತ್ತು ಹೊಡೆದು ನಿಮ್ಮ ಊರಿನ ಹತ್ತಿರದ ಕಚೇರಿಗೇ ಬರುತ್ತದೆ. ಆ ಕೆಲಸ ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಹೆಸರಿಗೇ ಬರೆದು, ಮೇಲಿನವರಿಗೆ ಪ್ರತಿ ಕೊಡಿ.

ರಸ್ತೆಯನ್ನೇ ತೆಗೆದುಕೊಳ್ಳಿ. ಕುಶಾಲನಗರ, ಮಡಿಕೇರಿ, ಸಂಪಾಜೆ ದಾಟಿ ಮಂಗಳೂರಿನ ಕಡೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 275. ಅದರ ಹೊಂಡಕ್ಕೆ ಪಂಚಾಯಿತಿಯಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್‌ನವರದ್ದೋ ಗ್ರಾಮ ಪಂಚಾಯಿತಿಯದ್ದೋ ಆಗಿರುತ್ತದೆ. ತೋಟದ ಒಳಗಿನ ದಾರಿ ಖಾಸಗಿಯದ್ದಿರಬಹುದು. ನಮ್ಮ ಸಂಕದ ದಾರಿಗೆ ಆದದ್ದೂ ಇದೇ. ಎರಡು ಕಚೇರಿಗಳು "ನಮ್ಮದಲ್ಲ, ಅವರದ್ದು" ಎಂದು ಎಂಟು ತಿಂಗಳು ನಮ್ಮನ್ನು ಓಡಾಡಿಸಿದವು. ಅದು ಹೇಗೆ ಬಗೆಹರಿಯಿತು ಎಂದು ಮುಂದೆ ಹೇಳುತ್ತೇನೆ.

ಕರೆಂಟು ಚೆಸ್ಕಾಂನದ್ದು, ದೂರಿಗೆ 1912. ಆನೆ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬೆಳೆ ಪರಿಹಾರ, ಸೋಲಾರ್ ಬೇಲಿ, ಕಂದಕ ಇದಕ್ಕೆಲ್ಲ ವಲಯ ಅರಣ್ಯಾಧಿಕಾರಿಗೆ ಬರೆಯಬಹುದು. ಆದರೆ "ಈ ಆನೆಯನ್ನು ಹಿಡಿಯಿರಿ" ಎಂದರೆ ಅವರ ಕೈಯಲ್ಲಿ ಏನೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಅವರಿಗೂ ಒಂದು ಪ್ರತಿ ಹೋಗಲಿ.

ಕೊಡವ ಭಾಷೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಅಲ್ಲಿನ ಭಾಷೆಗಳ ಪಟ್ಟಿಗೆ ಸೇರಿಸಬೇಕು ಎಂಬ ಬೇಡಿಕೆ ಬಹಳ ಹಳೆಯದು. ಇದಕ್ಕೆ ಸಂವಿಧಾನವನ್ನೇ ತಿದ್ದಬೇಕು. ಅಂದರೆ ಸಂಸತ್ತು. ರಾಜ್ಯ ಶಿಫಾರಸು ಮಾಡಬಹುದು, ಅಷ್ಟೇ. ಬೋಡೋ, ಡೋಗ್ರಿ, ಮೈಥಿಲಿ, ಸಂತಾಲಿ ಭಾಷೆಗಳು ಸೇರಿ ಪಟ್ಟಿ 22 ಆದದ್ದು 2003ರ ತಿದ್ದುಪಡಿಯಿಂದ.

ಅರ್ಜಿಯಲ್ಲಿ ಏನೇನಿರಬೇಕು?

ಒಂದು ಪುಟ. ಒಂದು ಬೇಡಿಕೆ. ವಿಷಯದ ಸಾಲಿನಲ್ಲೇ ಜಾಗದ ಹೆಸರು. ಎಲ್ಲಿ, ಎಷ್ಟು ಜನರಿಗೆ, ಯಾವಾಗಿನಿಂದ, ಏನು ಆಗಬೇಕು. ಸರ್ವೆ ನಂಬರ್ ಗೊತ್ತಿದ್ದರೆ ಹಾಕಿ. ಹಿಂದೆ ಕೊಟ್ಟ ಅರ್ಜಿಯ ನಂಬರ್, ದಿನಾಂಕ ಹಾಕಿ.

ಜನ ಜಾಸ್ತಿ ತಪ್ಪುವುದು "ಏನು ಆಗಬೇಕು" ಎಂಬಲ್ಲಿ. "ನಮ್ಮ ಊರಿಗೆ ಮೂಲಸೌಕರ್ಯ ಒದಗಿಸಿಕೊಡಬೇಕಾಗಿ ಕೋರಿಕೆ" ಎಂದು ಬರೆಯುತ್ತಾರೆ. ಅದನ್ನು ಓದಿದ ಅಧಿಕಾರಿ ಏನು ಮಾಡಬೇಕು ಹೇಳಿ? "ಶಾಲೆಯ ಹಿಂದಿನ ತೋಡಿಗೆ 4 ಅಡಿ ಅಗಲದ ಕಾಲುಸಂಕವನ್ನು ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸಿ" ಎಂದರೆ ಅವರು ಹೌದು ಎನ್ನಬೇಕು, ಇಲ್ಲ ಎನ್ನಬೇಕು. ನಡುವೆ ಜಾರಿಕೊಳ್ಳಲು ದಾರಿ ಇಲ್ಲ.

ಬೈಗುಳ ಬೇಡ. ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಮೊದಲ ಕರಡಿನಲ್ಲಿ ಸಿಟ್ಟೆಲ್ಲ ಬರೆದುಬಿಡಿ, ಮಾರನೇ ಬೆಳಿಗ್ಗೆ ಅದನ್ನು ತೆಗೆದು ಚೊಕ್ಕ ಪ್ರತಿ ಮಾಡಿ.

ಯಾವ ತಿಂಗಳಲ್ಲಿ ಕೊಟ್ಟರೆ ಒಳ್ಳೆಯದು?

ಹೊಳೆ ತುಂಬಿದಾಗ ಎಲ್ಲರಿಗೂ ಸಂಕದ ನೆನಪು. ಆದರೆ ಜುಲೈನಲ್ಲಿ ಕೊಟ್ಟ ಅರ್ಜಿಗೆ ಜುಲೈನಲ್ಲಿ ಕೆಲಸ ಆಗುವುದಿಲ್ಲ, ನಮ್ಮ ಮಳೆಯಲ್ಲಿ ಕಾಂಕ್ರೀಟು ಹಾಕುವವರು ಯಾರು? ಫೋಟೊ, ಅಳತೆ ಮಳೆಗಾಲದಲ್ಲಿ ತೆಗೆದಿಟ್ಟುಕೊಳ್ಳಿ. ಅರ್ಜಿಯನ್ನು ಪುತ್ತರಿಯ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬದ) ಹೊತ್ತಿಗೆ ಕೊಡಿ. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಮೊದಲೇ ಪಟ್ಟಿ ತಯಾರಾಗುತ್ತದೆ, ನಿಮ್ಮ ಕಾಗದ ಆಗ ಮೇಜಿನ ಮೇಲಿರಬೇಕು.

ಎಷ್ಟು ಸಹಿ ಬೇಕು? ಹೆಬ್ಬೆಟ್ಟು ನಡೆಯುತ್ತಾ?

ಸಾಮಾನ್ಯ ಅರ್ಜಿಗೆ ಇಷ್ಟೇ ಸಹಿ ಎಂಬ ನಿಯಮವಿಲ್ಲ. ಒಬ್ಬರೇ ಕೊಟ್ಟರೂ ಅದು ಅರ್ಜಿಯೇ. ಸಾವಿರ ಸಹಿಯಲ್ಲಿ ಐನೂರು ಸಂತೆಗೆ ಬಂದವರದ್ದಾದರೆ ಅದಕ್ಕೆ ತೂಕವಿಲ್ಲ. ತೋಡು ದಾಟುವ ಹನ್ನೊಂದು ಮನೆಯವರ ಸಹಿಗೆ ತೂಕವಿದೆ.

ಗಂಡನ ಸಹಿಯನ್ನು ಹೆಂಡತಿ, ಅಣ್ಣನದ್ದನ್ನು ತಮ್ಮ ಹಾಕಬಾರದು. ಒಂದು ಸಹಿ ಸುಳ್ಳಾದರೆ ಇಡೀ ಅರ್ಜಿಯ ಮೇಲೆ ಸಂಶಯ. ಹೆಸರು, ಮನೆ ಇರುವ ಜಾಗ, ಸಹಿ ಸಾಕು. ಆಧಾರ್ ನಂಬರ್ ಬರೆಸಬೇಡಿ, ಆ ಹಾಳೆ ಎಷ್ಟು ಕೈ ದಾಟುತ್ತದೋ ಗೊತ್ತಿಲ್ಲ.

ಹೆಬ್ಬೆಟ್ಟು ಧಾರಾಳವಾಗಿ ನಡೆಯುತ್ತದೆ. ಸಂಸತ್ತಿಗೆ ಕೊಡುವ ಅರ್ಜಿಗೂ ಹೆಬ್ಬೆಟ್ಟು ಒತ್ತಬಹುದು ಎಂದು ನಿಯಮದಲ್ಲೇ ಇದೆ. ಪಕ್ಕದಲ್ಲಿ ಹೆಸರು ಬರೆಯಿರಿ. ಆದರೆ ಒತ್ತಿಸುವ ಮೊದಲು ಅರ್ಜಿಯನ್ನು ಪೂರ್ತಿ ಓದಿ ಹೇಳಿ. ಹಾಡಿಯ (ಆದಿವಾಸಿಗಳ ಕೇರಿಯ) ಒಬ್ಬ ಅಜ್ಜಿಗೆ ಹಾಗೆ ಓದಿ ಹೇಳಿದಾಗ, "ಸಂಕದ ಈ ಕಡೆ ಮೆಟ್ಟಿಲು ಬೇಕು ಅಂತ ಬರೆದಿಲ್ಲವಲ್ಲ ಮಗಾ, ನಾನು ಹೇಗೆ ಹತ್ತಲಿ?" ಎಂದರು. ಅಷ್ಟು ಜನ ಓದಿದವರಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಮೆಟ್ಟಿಲು ಸೇರಿಸಿ ಮತ್ತೆ ಬರೆದೆವು.

ಕನ್ನಡದಲ್ಲಿ ಬರೆದರೆ ದೆಹಲಿಯವರು ಓದುತ್ತಾರಾ?

ಓದಲೇಬೇಕು. ಸಂವಿಧಾನದ 350ನೇ ವಿಧಿ ಇರುವುದೇ ಇದಕ್ಕೆ. ಕುಂದುಕೊರತೆ ಇರುವ ಯಾವುದೇ ವ್ಯಕ್ತಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು ಎನ್ನುತ್ತದೆ ಅದು. ಎಂಟನೇ ಪರಿಚ್ಛೇದದ ಭಾಷೆಯೇ ಆಗಿರಬೇಕು ಎಂದು ಅಲ್ಲಿ ಹೇಳಿಲ್ಲ. ಕೊಡವ ತಕ್ಕ್, ಅರೆಭಾಷೆ ಮಾತಾಡುವವರು ಇದನ್ನು ಒಮ್ಮೆ ಗಮನಿಸಬೇಕು.

ಬೇಗ ಕೆಲಸವಾಗಲಿ ಎಂದು ಒಂದು ಇಂಗ್ಲಿಷ್ ಅನುವಾದ ಜೊತೆಗಿಟ್ಟರೆ ಒಳ್ಳೆಯದೇ. ಆದರೆ ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಸುಮ್ಮನೆ ಕೂರಬೇಡಿ.

ಅರ್ಜಿ ಕೊಟ್ಟಾಯಿತು. ಇನ್ನು ಏನು ಮಾಡಬೇಕು?

ನಿಜವಾದ ಕೆಲಸ ಇಲ್ಲಿಂದ ಶುರು. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ಸಾಹೇಬ್ರಿಗೆ ಕೊಡ್ತೀನಿ, ಇಟ್ಟು ಹೋಗಿ" ಎಂದರೆ ಇಟ್ಟು ಬರಬೇಡಿ. ನಗುತ್ತಾ ನಿಂತಿರಿ, ಹಾಕಿಕೊಡುತ್ತಾರೆ. ಸೀಲು ಸಿಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ.

ಒಂದು ತಿಂಗಳಾದ ಮೇಲೆ ಆ ನಂಬರ್ ಹಿಡಿದು ಹೋಗಿ. ಕಡತ ಯಾವ ವಿಷಯ ನಿರ್ವಾಹಕರ ಹತ್ತಿರ ಇದೆ ಎಂದು ಕೇಳಿ. ಆಗುವುದಿಲ್ಲ ಎಂದಾದರೆ "ಹಿಂಬರಹ ಕೊಡಿ" ಎನ್ನಿ. ಹಿಂಬರಹ ಎಂದರೆ ಕಚೇರಿ ಲಿಖಿತವಾಗಿ ಕೊಡುವ ಉತ್ತರ. ಬಾಯಿಮಾತಿನ ಇಲ್ಲ ಗಾಳಿಗೆ ಹೋಗುತ್ತದೆ. ಕಾಗದದ ಮೇಲಿನ ಇಲ್ಲ ಹಿಡಿದುಕೊಂಡು ನೀವು ಮೇಲಿನ ಕಚೇರಿಗೆ ಹೋಗಬಹುದು.

ಫೋನಿನಲ್ಲಿ ಹೇಳಲು ರಾಜ್ಯದ ಜನಸ್ಪಂದನ ಸಹಾಯವಾಣಿ 1902 ಇದೆ. ಕೇಂದ್ರದ ಇಲಾಖೆಗಳ ಮೇಲಿನ ದೂರಿಗೆ ಸಿಪಿಗ್ರಾಮ್ಸ್ ಎಂಬ ವೆಬ್‌ಸೈಟ್ ಇದೆ, ಅಂಚೆ, ಬ್ಯಾಂಕು, ಹೆದ್ದಾರಿ ಎಲ್ಲ ಅದರಲ್ಲಿ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಅದರ ಉತ್ತರದ ಗಡುವನ್ನು 21 ದಿನಕ್ಕೆ ಇಳಿಸಿದರು. ಉತ್ತರ ಸರಿ ಕಾಣದಿದ್ದರೆ ಅಲ್ಲೇ ಮೇಲ್ಮನವಿ ಹಾಕಬಹುದು. ಜಾತಿ ಪ್ರಮಾಣಪತ್ರದಂಥ ಸೇವೆಗಳಿಗೆ ಬೇರೆ ದಾರಿ, ಅದು ಸಕಾಲ, ಗೊತ್ತುಮಾಡಿದ ದಿನದೊಳಗೆ ಸೇವೆ ಕೊಡಬೇಕೆಂಬ ರಾಜ್ಯದ ಕಾಯ್ದೆ. ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಚೀಟಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಮಾಹಿತಿ ಹಕ್ಕು ನಮ್ಮಂಥವರಿಗೆ ಬೇಕಾ?

ಬೇಕೇ ಬೇಕು. ಎರಡು ಕಚೇರಿ ನಮ್ಮನ್ನು ಓಡಾಡಿಸಿದ್ದು ಹೇಳಿದೆನಲ್ಲ, ಅದು ನಿಂತದ್ದು 10 ರೂಪಾಯಿಯ ಅರ್ಜಿಯಿಂದ. "ಈ ದಾರಿ ಯಾವ ಇಲಾಖೆಯ ರಸ್ತೆ ವಹಿಯಲ್ಲಿದೆ? ಆ ಪುಟದ ಪ್ರತಿ ಕೊಡಿ" ಎಂದಷ್ಟೇ ಕೇಳಿದೆವು. 27ನೇ ದಿನ ಪ್ರತಿ ಬಂತು. ಹೆಸರು ಅದರಲ್ಲೇ ಇತ್ತು. ಆಮೇಲೆ ಯಾರೂ "ನಮ್ಮದಲ್ಲ" ಎನ್ನಲಿಲ್ಲ.

ಉತ್ತರಕ್ಕೆ ಗಡುವು 30 ದಿನ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇರುವ ದಾಖಲೆಯ ಪ್ರತಿ ಕೇಳಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಈ ಕಾಯ್ದೆಯನ್ನು ಯಾರೋ ದೊಡ್ಡವರು ಕೂತು ಯೋಚಿಸಿ ಕೊಟ್ಟದ್ದಲ್ಲ. ರಾಜಸ್ಥಾನದ ಹಳ್ಳಿ ಕೂಲಿಗಳು "ನಮ್ಮ ಹೆಸರಲ್ಲಿ ಎಷ್ಟು ಕೂಲಿ ಬರೆದಿದ್ದೀರಿ, ಲೆಕ್ಕ ತೋರಿಸಿ" ಎಂದು ಕೇಳಿದರು. 1996ರಲ್ಲಿ ಬ್ಯಾವರ್ ಊರಿನಲ್ಲಿ 40 ದಿನ ಧರಣಿ ಕೂತರು. ಕರ್ನಾಟಕ 2000ದಲ್ಲೇ ಒಂದು ಕಾಯ್ದೆ ಮಾಡಿತು. ದೇಶಕ್ಕೆಲ್ಲ 2005ರಲ್ಲಿ ಬಂತು. ಮಸ್ಟರ್ ರೋಲ್ (ಕೂಲಿಯವರ ಹಾಜರಿ, ಸಂಬಳದ ಪಟ್ಟಿ) ಕೇಳಿದ ಕೂಲಿಯವರಿಂದ ನಮ್ಮ ತೋಡಿಗೆ ಸಂಕ ಬಂತು ಎಂದೇ ನಾನು ನಂಬಿದ್ದೇನೆ.

ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ?

ಹೋಗದಿದ್ದರೆ ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಕೋರಂಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು ಬೇಕು. ಅಷ್ಟು ಜನ ಬಾರದೆ ಸಭೆ ಮುಂದಕ್ಕೆ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಎದ್ದು ಮಾತಾಡಿದರೆ ಸಾಲದು. ಮಾತಾಡಿದ್ದು ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಪಿಡಿಒ ಹತ್ತಿರ ನೋಡಿ ಬನ್ನಿ. ನಿರ್ಣಯದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದರೆ ಅದು ಹನ್ನೊಂದು ಮನೆಯ ಮಾತಲ್ಲ, ಇಡೀ ಗ್ರಾಮದ ಮಾತು. ಹಾಡಿಗಳಿಗಂತೂ ಗ್ರಾಮಸಭೆ ಇನ್ನೂ ಮುಖ್ಯ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜೇನುಕುರುಬರು, ಯರವರು ಹಕ್ಕು ಕೇಳುವ ಅರ್ಜಿ ಮೊದಲು ಬರುವುದೇ ಗ್ರಾಮಸಭೆಗೆ.

ಶಾಸಕರಿಗೆ, ಸಂಸದರಿಗೆ ಅನುದಾನ ಬಿಟ್ಟು ಬೇರೆ ಏನು ಕೇಳಬಹುದು?

ಪ್ರಶ್ನೆ ಕೇಳಿಸಬಹುದು. ಇದು ಜನರಿಗೆ ಹೊಳೆಯುವುದೇ ಕಡಿಮೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಬರಹದಲ್ಲಿ. ಎರಡೂ ದಾಖಲೆಯಾಗಿ ಉಳಿಯುತ್ತವೆ. ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದು ಶಾಸಕರಿಗೆ ಕೊಡಿ. ಉಸ್ತುವಾರಿ ಸಚಿವರು ಜಿಲ್ಲೆಯ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗೆ ಮೊದಲೂ ಹೀಗೇ ಕೊಡಬಹುದು.

ಸಂಸತ್ತಿಗೇ ಅರ್ಜಿ ಹಾಕಬಹುದಂತೆ, ಹೌದಾ?

ಹೌದು. ಲೋಕಸಭೆಯಲ್ಲೂ ರಾಜ್ಯಸಭೆಯಲ್ಲೂ ಅರ್ಜಿಗಳ ಸಮಿತಿ ಇದೆ, ನಮ್ಮ ವಿಧಾನಸಭೆಯಲ್ಲೂ ಇದೆ. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರು, ರಾಜ್ಯಸಭೆಯದ್ದರಲ್ಲಿ 10.

ಇಲ್ಲಿ ನಿಯಮ ಸ್ವಲ್ಪ ಬಿಗಿ. ಅರ್ಜಿ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು. ಕನ್ನಡದಲ್ಲಿ ಬರೆದರೆ ನೀವೇ ಸಹಿ ಹಾಕಿದ ಅನುವಾದ ಜೊತೆಗಿಡಬೇಕು. ಸಹಿಗಳು ಒಂದಕ್ಕಿಂತ ಹೆಚ್ಚು ಹಾಳೆಗೆ ಹೋದರೆ ಪ್ರತಿ ಹಾಳೆಯ ತಲೆಯಲ್ಲೂ ಬೇಡಿಕೆಯನ್ನು ಮತ್ತೆ ಬರೆಯಬೇಕು. ಜನ ಏನಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಿಳಿದೇ ಹಾಕಲಿ ಎಂಬುದು ಇದರ ಗುಟ್ಟು. ಊರಿನ ಅರ್ಜಿಗೂ ನಾನು ಈ ಪದ್ಧತಿಯನ್ನೇ ಇಟ್ಟುಕೊಂಡಿದ್ದೇನೆ. ಲೋಕಸಭೆಗೆ ಸಂಸದರ ಮೂಲಕ ಮಂಡಿಸುವುದಾದರೆ ಅವರ ಸಹಿಯೂ ಬೇಕು.

ಇದರಿಂದ ಏನಾಗುತ್ತದೆ ಎಂದು ಕೇಳುವವರು ನಮ್ಮ ಮಾಜಿ ಸೈನಿಕರನ್ನು ನೆನೆಯಬೇಕು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಮಾಜಿ ಸೈನಿಕರು ಇಲ್ಲದ ಊರು ಇಲ್ಲಿ ಕಡಿಮೆ. ಒಂದೇ ರ‍್ಯಾಂಕ್, ಅಷ್ಟೇ ವರ್ಷದ ಸೇವೆ, ಆದರೆ ಮೊದಲು ನಿವೃತ್ತರಾದವರಿಗೆ ಪಿಂಚಣಿ ಕಡಿಮೆ. ಈ ವಿಷಯ ಅರ್ಜಿಯಾಗಿ ರಾಜ್ಯಸಭೆಯ ಅರ್ಜಿಗಳ ಸಮಿತಿಗೆ ಹೋಯಿತು. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷರಾಗಿದ್ದ ಆ ಸಮಿತಿ 2011ರ ಡಿಸೆಂಬರ್‌ನಲ್ಲಿ ಸೈನಿಕರ ಪರವಾಗಿ ವರದಿ ಕೊಟ್ಟಿತು. ಆಮೇಲೂ ಹಿರಿಯ ಸೈನಿಕರು 2015ರಲ್ಲಿ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಅದೇ ನವೆಂಬರ್‌ನಲ್ಲಿ ಒಂದು ಶ್ರೇಣಿ ಒಂದು ಪಿಂಚಣಿ ಆದೇಶ ಹೊರಬಿತ್ತು, 2014ರ ಜುಲೈ 1ರಿಂದ ಲೆಕ್ಕ. ಅರ್ಜಿಯೊಂದೇ ಮಾಡಿದ್ದಲ್ಲ. ಆದರೆ ಅರ್ಜಿಯಿಂದ ಬಂದ ಆ ವರದಿ ಅವರ ಕೈಯಲ್ಲಿತ್ತು.

ಆನ್‌ಲೈನ್‌ನಲ್ಲಿ ಸಹಿ ಹಾಕಿದರೆ ಸಾಕಾ?

ಸಾಲದು. ಬ್ರಿಟನ್‌ನಲ್ಲಿ ಸಂಸತ್ತಿನದ್ದೇ ವೆಬ್‌ಸೈಟಿನಲ್ಲಿ 10,000 ಸಹಿ ದಾಟಿದರೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ ಅಂಥ ನಿಯಮವಿಲ್ಲ. ಖಾಸಗಿ ಸೈಟುಗಳಲ್ಲಿ ಎಷ್ಟು ಲಕ್ಷ ಸಹಿ ಬಿದ್ದರೂ ಯಾರೂ ಉತ್ತರ ಕೊಡಲೇಬೇಕೆಂದಿಲ್ಲ.

ಆದರೆ ಗಮನ ಸೆಳೆಯಲು ಒಳ್ಳೆಯದು. 2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ನಮ್ಮ ಹುಡುಗರು ಜಾಲತಾಣದಲ್ಲಿ ಹ್ಯಾಷ್‌ಟ್ಯಾಗ್ ಓಡಿಸಿದರು. ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಅದಕ್ಕೆ ಸ್ಪಂದಿಸಿದರು. ಎದೆನೋವು ಬಂದವರನ್ನು ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯುವ ದಾರಿ ಎಷ್ಟು ದೂರ ಎಂದು ನಮಗೆಲ್ಲ ಗೊತ್ತು. ಅದು ಬೆಂಗಳೂರಿಗೂ ಒಂದು ವಾರ ಗೊತ್ತಾಯಿತು. ಅಂಥ ವಾರದಲ್ಲೇ ಸೀಲು ಬೀಳುವ ಅರ್ಜಿಯೂ ಕಚೇರಿಗೆ ಹೋಗಬೇಕು.

ಪಶ್ಚಿಮ ಘಟ್ಟದ ಕರಡು ಅಧಿಸೂಚನೆ ಬಂದಾಗಲೆಲ್ಲ ಆಕ್ಷೇಪಣೆ ಕೊಡಿ ಅನ್ನುತ್ತಾರೆ. ಅದು ಏನು?

ಕೇಂದ್ರ ಪರಿಸರ ಸಚಿವಾಲಯ ಒಂದು ನಿಯಮ ತರುವ ಮೊದಲು ಕರಡು ಹೊರಡಿಸಿ ಜನರ ಮಾತು ಕೇಳುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು 2014ರ ಮಾರ್ಚ್‌ನಲ್ಲಿ ಬಂತು. ಆರನೆಯದು 2024ರ ಜುಲೈ 31ರಂದು. ಅದರಲ್ಲಿ ಕರ್ನಾಟಕದ್ದೇ 20,668 ಚದರ ಕಿಲೋಮೀಟರ್, ನಮ್ಮ ಹಳ್ಳಿಗಳೂ ಇವೆ. ಹೇಳಲು ಇದ್ದದ್ದು 60 ದಿನ.

ಕೊಡಗಿನಲ್ಲಿ ಇದಕ್ಕೆ ಎರಡು ಮನಸ್ಸಿದೆ. ತೋಟ ಮಾಡುವುದಕ್ಕೇ ಕಷ್ಟವಾಗುತ್ತದೆ ಎಂಬ ಹೆದರಿಕೆ ಒಂದು ಕಡೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು, 2020ರಲ್ಲಿ ತಲಕಾವೇರಿಯ ಬೆಟ್ಟ ಜಾರಿದ್ದನ್ನು ನೋಡಿದವರ ಸಂಕಟ ಇನ್ನೊಂದು ಕಡೆ. ನೀವು ಯಾವ ಕಡೆಯಾದರೂ ಇರಿ. ಆದರೆ ಕರಡನ್ನು ಓದದೆ ಯಾರೋ ಹಂಚಿದ ಜೆರಾಕ್ಸ್‌ಗೆ ಸಹಿ ಹಾಕಬೇಡಿ. ಕರಡಿನ ಯಾವ ಸಾಲು ನಿಮ್ಮ ಊರಿಗೆ ತೊಂದರೆ, ಯಾವುದು ಒಳ್ಳೆಯದು, ಏನು ಬದಲಿಸಬೇಕು, ಅಷ್ಟನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಒಂದೇ ಒಕ್ಕಣೆಯ ಸಾವಿರ ಕಾಗದವನ್ನು ಒಂದು ಕಾಗದದ ಹಾಗೆ ಬದಿಗಿಡುವುದು ಸುಲಭ.

ಕರಡು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದ್ದರೆ ಕನ್ನಡದಲ್ಲಿ ಕೊಡಿ ಎಂದು ಕೇಳಿ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡಿಗೆ ಹೀಗೇ ತಕರಾರು ಬಂದಾಗ, 22 ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತ್ತು.

ಧರಣಿ ಕೂರುವುದು ಯಾವಾಗ?

ಕಾಗದ ಕೊಟ್ಟು, ಕಾದು, ಮತ್ತೆ ಕೊಟ್ಟ ಮೇಲೆ. ಇಲ್ಲದಿದ್ದರೆ "ಅರ್ಜಿಯನ್ನೇ ಕೊಟ್ಟಿಲ್ಲ" ಎಂಬ ಒಂದು ಮಾತಿಗೆ ಧರಣಿ ಬಿದ್ದುಹೋಗುತ್ತದೆ. ಶಾಂತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಜಾಗ, ಸಮಯ, ಮೈಕ್ ಎಲ್ಲಕ್ಕೂ ಪೊಲೀಸರ ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಕಾಯಲು ಆಗದ ಹೊತ್ತೂ ಇರುತ್ತದೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಐನೂರಕ್ಕೂ ಹೆಚ್ಚು ಗುಡಿಸಲು ಕಿತ್ತಾಗ, ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅವರು ಅಲ್ಲೇ ಕೂತರು. ತಿಂಗಳುಗಟ್ಟಲೆ ಕೂತರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಜಾಗ, ಮನೆ ಆಯಿತು. ಅಂಥವರಿಗೆ ಮೊದಲು ಅರ್ಜಿ ಬರೆಯಿರಿ ಎಂದು ಹೇಳುವ ಬಾಯಿ ನನಗಿಲ್ಲ.

ಕೋರ್ಟಿಗೆ ಹೋಗಬಹುದಾ?

ಕೊನೆಯ ದಾರಿ, ಆದರೆ ಮುಚ್ಚಿದ ದಾರಿಯಲ್ಲ. ಹೆಂಗಸರಿಗೆ, ಪರಿಶಿಷ್ಟರಿಗೆ, ಬಡವರಿಗೆ ಕಾನೂನು ನೆರವು ಉಚಿತ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಸಹಾಯವಾಣಿ 15100. ವಕೀಲರು ಮೊದಲು ಕೇಳುವುದು ನಿಮ್ಮ ಹಳೆಯ ಅರ್ಜಿ, ಹಿಂಬರಹಗಳನ್ನೇ.

ಸಹಿ ಹಾಕಿದರೆ ಕೆಲಸ ಹೋಗುತ್ತೆ ಅಂತ ಲೈನ್‌ಮನೆಯವರು (ತೋಟದ ಮನೆಗಳಲ್ಲಿರುವ ಕಾರ್ಮಿಕರು) ಹೆದರುತ್ತಾರೆ. ಏನು ಮಾಡಲಿ?

ಅವರ ಹೆದರಿಕೆ ಸುಳ್ಳಲ್ಲ. ಒತ್ತಾಯ ಮಾಡಬೇಡಿ. ಮನೆಯೂ ಕೂಲಿಯೂ ಒಬ್ಬರ ಕೈಯಲ್ಲೇ ಇರುವವರಿಗೆ ಒಂದು ಸಹಿ ದೊಡ್ಡ ಮಾತು. ಹೆಸರಿಲ್ಲದ ಅರ್ಜಿಗೆ ಕಚೇರಿಯಲ್ಲಿ ಸಾಮಾನ್ಯವಾಗಿ ಬೆಲೆ ಇಲ್ಲ. ಅದಕ್ಕೇ ಅವರ ತೊಂದರೆಯನ್ನು ಸ್ತ್ರೀಶಕ್ತಿ ಸಂಘದ ಹೆಸರಿನಲ್ಲೋ, ಗ್ರಾಮಸಭೆಯ ನಿರ್ಣಯವಾಗಿಯೋ ಬರೆಸಿ. ಹೆದರದೆ ಇರಬಲ್ಲವರು ಮೊದಲ ಸಹಿ ಹಾಕಬೇಕು. ನಮ್ಮ ಊರಿನಲ್ಲಿ ಮೊದಲ ಸಹಿ ಹಾಕಿದ್ದು ಒಬ್ಬ ತೋಟದ ಯಜಮಾನರೇ.

ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ಅವರನ್ನು ಸಹಿಗೆ ಎಳೆಯದಿರುವುದು ಒಳ್ಳೆಯದು.

ವೋಟು ಬಹಿಷ್ಕಾರ ಮಾಡುತ್ತೇವೆ ಅಂತ ಬೋರ್ಡ್ ಹಾಕಿದರೆ?

ನನಗೆ ಒಪ್ಪಿಗೆ ಇಲ್ಲ. ಇಬ್ಬರೇ ಶಾಸಕರಿರುವ ಜಿಲ್ಲೆಯಲ್ಲಿ ಇರುವ ಒಂದು ವೋಟನ್ನೂ ಬಿಟ್ಟು ಏನು ಉಳಿಯುತ್ತದೆ?

ಈ ಕಾಗದಗಳೆಲ್ಲ ಯಾರ ಹತ್ತಿರ ಇರಬೇಕು?

ಒಬ್ಬರ ಹತ್ತಿರ ಮಾತ್ರ ಬೇಡ. ಒಂದು ಸೆಟ್ಟು ಬರೆದವರ ಮನೆಯಲ್ಲಿ, ಒಂದು ಬೇರೆ ಮನೆಯಲ್ಲಿ. ನಮ್ಮ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಡಿ, ಫೋನಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಒಂದು ಪಟ್ಟಿ: ಯಾವ ದಿನ, ಯಾವ ಕಚೇರಿ, ಯಾವ ನಂಬರ್, ಏನು ಹೇಳಿದರು.

ಸಂಕದ ಕಡತ ನಮ್ಮಲ್ಲಿ ಇನ್ನೂ ಮುಚ್ಚಿಲ್ಲ. ಅಜ್ಜಿ ಕೇಳಿದ ಮೆಟ್ಟಿಲು ಬಂತು. ಒಂದು ಬದಿಗೆ ಕಬ್ಬಿಣದ ಕಂಬಿ ಬಂತು. ಇನ್ನೊಂದು ಬದಿಗೆ ಬಂದಿಲ್ಲ. ಅದಕ್ಕೆ ಕೊಟ್ಟ ಅರ್ಜಿ ಪಟ್ಟಿಯಲ್ಲಿ ಹತ್ತೊಂಬತ್ತನೆಯದು. ಸೀಲು ಬಿದ್ದಿದೆ, ನಂಬರ್ ಇದೆ. ಬರುವ ಸೋಮವಾರ ಇಬ್ಬರು ಹೋಗಿ ವಿಚಾರಿಸಿ ಬರುತ್ತೇವೆ.